ಬಂಡಾಯದ ಹಾಡಿನ ಮೂರನೆಯ ಚರಣ

ಡ್ರೈವಿಂಗ್ ಮೇಡಂ ಆ ಹಾಡನ್ನು ಬರೆದದ್ದು ಸಿಟ್ಟಿನಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆ ಹಾಡಿಗೆ ಬಂದ ಗತಿಯನ್ನು ಕಂಡವರು ಯಾರೂ ಈ ಮಾತನ್ನು ನಂಬುವುದಿಲ್ಲ.

ಮೇಡಂ ಕಾರು ಓಡಿಸುವುದನ್ನು ಕಲಿಸುವವರು. ಸ್ಟೀರಿಂಗು ಕಲಿಯುವವರ ಕೈಯಲ್ಲಿ, ಹೆಚ್ಚುವರಿ ಬ್ರೇಕು ಮೇಡಂ ಕಾಲಡಿಯಲ್ಲಿ. (ಸಂಸಾರವೂ ಹೀಗೇ ಇರುತ್ತದೆಂದು ಮದುವೆಯಾದ ಹೊಸದರಲ್ಲಿ ಅವರು ಅಂದುಕೊಂಡಿದ್ದರು. ಅಲ್ಲಿ ಹೆಚ್ಚುವರಿ ಬ್ರೇಕಿನ ಸೌಲಭ್ಯವಿಲ್ಲವೆಂದು ಆಮೇಲೆ ತಿಳಿಯಿತು.) ಎದುರಿಗೆ ಲಾರಿ ಬರುತ್ತಿರುವಾಗ ಕಲಿಯುವವರು ಎರಡೂ ಕಣ್ಣು ಮುಚ್ಚಿಕೊಂಡರೂ ಮೇಡಂ ಕಿರುಚುವಂತಿಲ್ಲ. ಕಿರುಚಿದರೆ ಅವರು ಗಾಬರಿಯಾಗಿ ಆಕ್ಸಿಲರೇಟರನ್ನೇ ತುಳಿಯುತ್ತಾರೆ. ಆದ್ದರಿಂದ, "ಏನೂ ಆಗಲ್ಲ, ನಿಧಾನ, ಹಾಗೇ ಎಡಕ್ಕೆ ಬನ್ನಿ" ಎಂದು ಬೆಣ್ಣೆಯಂಥ ಧ್ವನಿಯಲ್ಲಿ ಹೇಳಬೇಕು. ವರ್ಷಗಟ್ಟಲೆ ಹೀಗೆ ಹೇಳಿ ಹೇಳಿ ಅವರ ಧ್ವನಿ ಬೆಣ್ಣೆಯಾಗಿಯೇ ಉಳಿದುಬಿಟ್ಟಿತ್ತು. ಕಿರುಚಬೇಕಾದದ್ದೆಲ್ಲ ಹೊಟ್ಟೆಯೊಳಗೆ ಸೇರಿಕೊಂಡು ಹೊರಗೆ ಬರಲು ದಾರಿ ಹುಡುಕುತ್ತಿತ್ತು.

ಅವರ ಯಜಮಾನರದು ನೀರು ಸರಬರಾಜು ಕಚೇರಿಯ ದೂರು ವಿಭಾಗ. ಊರಿನಲ್ಲಿ ಯಾವ ಪೈಪು ಒಡೆದರೂ ಅದು ಮೊದಲು ಸುರಿಯುವುದು ಅವರ ಕಿವಿಗೆ. ತಾಳ್ಮೆಗೆ ಅವರು ಬಹಳ ಹೆಸರುವಾಸಿ. ಎಂಥ ಜಗಳಗಂಟನೂ ಅವರ ಮೇಜಿನ ಎದುರು ಸ್ವಲ್ಪ ಹೊತ್ತು ಕೂತರೆ ಸಾಕು, ನಗುತ್ತ ಎದ್ದು ಹೋಗುತ್ತಿದ್ದನಂತೆ. ಆದರೆ ಮನೆಗೆ ಬರುವಾಗ ಯಜಮಾನರು ಚಪ್ಪಲಿಯ ಜೊತೆಗೆ ಕಿವಿಯನ್ನೂ ಬಾಗಿಲ ಹೊರಗೇ ಬಿಟ್ಟು ಬರುತ್ತಿದ್ದರು. ಮೇಡಂ ಏನು ಹೇಳಿದರೂ ಪೇಪರಿನ ಹಿಂದಿನಿಂದ ಬರುತ್ತಿದ್ದದ್ದು ಒಂದೇ ಉತ್ತರ: "ಆಯ್ತು, ನೋಡೋಣ."

ಒಂದು ಸಂಜೆ ಪರೀಕ್ಷೆ ಮಾಡಿಯೇ ಬಿಡೋಣವೆಂದು ಮೇಡಂ ಎದುರಿಗೆ ನಿಂತು, "ರೀ, ನಾನು ಮನೆ ಬಿಟ್ಟು ಹೋಗ್ತಾ ಇದೀನಿ" ಎಂದರು.

"ಆಯ್ತು, ನೋಡೋಣ" ಎಂದರು ಯಜಮಾನರು. ಪುಟ ತಿರುಗಿತು.

ಹಾಡು ಹುಟ್ಟಿದ್ದು ಆ ಸಂಜೆಯೇ. ಮನೆ ಬಿಟ್ಟು ಹೋಗುವ ಬದಲು ಮೇಡಂ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ನಿಂತು, ಕುದಿಯುವ ನೀರಿಗಿಂತ ಹೆಚ್ಚು ಕುದಿಯುತ್ತ ಅದನ್ನು ಕಟ್ಟಿದರು. "ಸುಮ್ಮನಿರೆ ನಾ ಸುಮ್ಮನಿರೆ, ಇನ್ನೊಂದು ದಿನವೂ ಸುಮ್ಮನಿರೆ" ಎಂಬುದು ಪಲ್ಲವಿ. ಮೊದಲನೆಯ ಚರಣ ಲೋಕಕ್ಕೆ. ಎರಡನೆಯದು ಬಂಧುಬಳಗಕ್ಕೆ. ಮೂರನೆಯದು ಪೇಪರಿನ ಹಿಂದೆ ಕೂತವರಿಗೆ. ಮೊದಲಿನ ಎರಡು ಬರೀ ಪೀಠಿಕೆ, ಮದ್ದುಗುಂಡು ಇದ್ದದ್ದೆಲ್ಲ ಮೂರನೆಯದರಲ್ಲಿ.

ಹಾಡನ್ನು ರೆಕಾರ್ಡು ಮಾಡಿ ಇಂಟರ್ನೆಟ್ಟಿಗೆ ಹಾಕಿ ಜಗತ್ತಿಗೇ ಕೇಳಿಸುತ್ತೇನೆ ಎಂದು ಮೇಡಂ ಘೋಷಿಸಿದಾಗ ಮನೆಯಲ್ಲಿ ದೊಡ್ಡ ಉತ್ಸಾಹವೇನೂ ಕಾಣಿಸಲಿಲ್ಲ. ಯಜಮಾನರು ನೋಡೋಣ ಎಂದರು. ಟೀವಿಯ ಧಾರಾವಾಹಿ ನೋಡುತ್ತಿದ್ದ ಅತ್ತೆ ಜಾಹೀರಾತು ಬರುವವರೆಗೆ ಕಾದು ತಮ್ಮ ಅಭಿಪ್ರಾಯ ಕೊಟ್ಟರು: "ಹಾಡೋದಾದ್ರೆ ಎಲ್ಲರಿಗೂ ಗೊತ್ತಿರೋದನ್ನ ಹಾಡಮ್ಮ, ನಾಲ್ಕು ಜನ ಜೊತೆಗೂಡ್ತಾರೆ. ನೀನೇ ಬರೆದು ನೀನೇ ಹಾಡಿದ್ರೆ ಕೊನೆಗೆ ನೀನೇ ಕೇಳ್ಬೇಕಾಗುತ್ತೆ."

ಮೇಡಂ ಜಗ್ಗಲಿಲ್ಲ. ಹಾಡು ನನ್ನದು, ಬಾಯಿ ನನ್ನದು, ಫೋನು ನನ್ನದು, ಇನ್ಯಾವ ಕಂಪನಿಯ ಅಪ್ಪಣೆಯೂ ನನಗೆ ಬೇಕಿಲ್ಲ, ಈ ಕ್ಷಣದಿಂದ ನಾನು ಸ್ವತಂತ್ರ ಸಂಗೀತಗಾರ್ತಿ ಎಂದು ಸಾರಿದರು. ಹಾಗೆ ಸಾರಿದ ಮೇಲೆ ಸ್ವತಂತ್ರ ಸಂಗೀತಗಾರ್ತಿ ಸ್ವತಂತ್ರವಾಗಿ ಕೂತು ಹಾಡುವುದಕ್ಕೆ ಮನೆಯಲ್ಲಿ ಜಾಗವೇ ಇಲ್ಲವೆಂಬುದು ಗೊತ್ತಾಯಿತು. ಹಾಲಿನಲ್ಲಿ ಧಾರಾವಾಹಿಯ ಅಳು. ಅಡುಗೆಮನೆಯಲ್ಲಿ ಫ್ರಿಜ್ಜಿನ ಗುರುಗುಟ್ಟುವಿಕೆ. ಬಾಲ್ಕನಿಯಲ್ಲಿ ಇಡೀ ಬೀದಿ. ಬಟ್ಟೆಗಳ ನಡುವೆ ಕೂತು ಹಾಡಿದರೆ ಧ್ವನಿ ಸ್ಟುಡಿಯೋದಲ್ಲಿ ಹಾಡಿದ ಹಾಗೆ ಬರುತ್ತದೆಂದು ಎಲ್ಲೋ ಓದಿದ್ದ ಮೇಡಂ, ಮಲಗುವ ಕೋಣೆಯ ವಾರ್ಡ್‌ರೋಬಿನೊಳಗೆ ಹೊಕ್ಕು, ಮೊಣಕಾಲನ್ನು ಗಲ್ಲಕ್ಕೆ ಸೇರಿಸಿ ಕೂತು, ಬಾಗಿಲೆಳೆದುಕೊಂಡರು.

ಮೊದಲ ಚರಣ ಅಡ್ಡಿಯಿಲ್ಲದೆ ನಡೆಯಿತು. ಎರಡನೆಯದರ ನಡುವೆ ಬಾಗಿಲು ತೆರೆಯಿತು. ಯಜಮಾನರು ನಿಂತಿದ್ದರು. ವಾರ್ಡ್‌ರೋಬಿನಲ್ಲಿ ಹೆಂಡತಿ ಕೂತು ಕ್ರಾಂತಿಗೀತೆ ಹಾಡುತ್ತಿರುವುದು ಅವರಿಗೆ ವಿಶೇಷವೆನಿಸಿದಂತೆ ಕಾಣಲಿಲ್ಲ. "ಸ್ವಲ್ಪ ಆ ಕಡೆ ಸರಿ" ಎಂದರು, ಮೇಡಂ ತಲೆಯ ಮೇಲೆ ನೇತಾಡುತ್ತಿದ್ದ ನೀಲಿ ಶರ್ಟನ್ನು ಎಳೆದುಕೊಂಡರು, ಬಾಗಿಲನ್ನು ಮೊದಲಿನ ಹಾಗೆಯೇ ಜೋಪಾನವಾಗಿ ಮುಚ್ಚಿ ಹೋದರು. ಮುಚ್ಚಿದ್ದು ಎಷ್ಟು ಜೋಪಾನವಾಗಿತ್ತೆಂದರೆ ಹೊರಗಿನ ಚಿಲಕವೂ ಬಿದ್ದಿತ್ತು. ಮೇಡಂ ಒಳಗಿನಿಂದ ಬಾಗಿಲು ಬಡಿದದ್ದನ್ನು ಅತ್ತೆ ಹಾಡಿನ ತಾಳವೆಂದು ತಿಳಿದು ಬಹಳ ಹೊತ್ತು ಎದ್ದು ಬರಲಿಲ್ಲ.

ಹೀಗಾಗಿ ಸ್ಟುಡಿಯೋ ಕಾರಿಗೆ ಸ್ಥಳಾಂತರವಾಯಿತು. ಡ್ರೈವಿಂಗ್ ಶಾಲೆಯ ಕಾರು ಸಂಜೆ ಮೇಡಂ ಮನೆಯ ಕೆಳಗೇ ನಿಲ್ಲುತ್ತಿತ್ತು. ಗಾಜು ಏರಿಸಿ ಕೂತರೆ ಹೊರಗಿನ ಲೋಕ ಮೂಕವಾಗುತ್ತಿತ್ತು. ತಾಳವೊಂದು ಬೇಕಲ್ಲ ಎಂದು ಯೋಚಿಸುತ್ತಿರುವಾಗ ಕೈ ತಗುಲಿ ಇಂಡಿಕೇಟರ್ ಬಿದ್ದಿತು. ಟಿಕ್ಕು, ಟಕ್ಕು, ಟಿಕ್ಕು, ಟಕ್ಕು. ಎಂಥ ತಾಳಗಾರನೂ ತಪ್ಪಬಹುದು, ಇಂಡಿಕೇಟರ್ ತಪ್ಪುವುದಿಲ್ಲ. ಎಡಗಡೆಯ ಇಂಡಿಕೇಟರ್ ಹಾಕಿಕೊಂಡು, ಎಲ್ಲಿಗೂ ತಿರುಗದೆ, ನಿಂತ ಕಾರಿನಲ್ಲೇ ಮೇಡಂ ಮೂರೂ ಚರಣಗಳನ್ನು ಹಾಡಿ ಮುಗಿಸಿದರು. ಒಳಗಿದ್ದದ್ದನ್ನೆಲ್ಲ ಕಾರಿದ್ದೇನೆ ಎಂಬ ನೆಮ್ಮದಿಯಲ್ಲಿ ಅದನ್ನು ಇಂಟರ್ನೆಟ್ಟಿಗೇರಿಸಿದರು. (ಕಾರಿನಲ್ಲಿ ಕಾರಿದ್ದು ಎಂದು ಅವರೇ ನಕ್ಕರು. ಬೇರೆ ಯಾರೂ ನಗಲಿಲ್ಲ, ಹೇಳಿರಲೂ ಇಲ್ಲ.)

ಮೊದಲ ವಾರ ಅತ್ತೆಯ ಮಾತೇ ನಿಜವಾಯಿತು. ಕೇಳಿದವರ ಲೆಕ್ಕ ಏರುತ್ತಿತ್ತು, ಆದರೆ ಏರಿಸುತ್ತಿದ್ದವರು ಮೇಡಂ ಒಬ್ಬರೇ. ಕೆಲಸದ ನಡುವೆ ಯಾರಾದರೂ ಕೇಳಿದರೇ ಎಂದು ತೆರೆದು ನೋಡುವುದು, ಹಾಗೆ ನೋಡಿದ್ದಕ್ಕೇ ಲೆಕ್ಕ ಒಂದು ಏರುವುದು. ಆಮೇಲೊಂದು ಬೆಳಿಗ್ಗೆ ಹಾಡಿನ ಕೆಳಗೆ ಯಾರೋ ಬರೆದಿದ್ದರು. ಮೇಡಂ ಕಲಿಯುತ್ತಿದ್ದವರಿಗೆ ಕಾರನ್ನು ಬದಿಗೆ ನಿಲ್ಲಿಸಲು ಹೇಳಿ, ಫೋನು ಹಿಡಿದು ಓದಿದರು. "ಅಕ್ಕಾ, ಹುಟ್ಟಿದಾಗಿನಿಂದ ಮಲಗದೇ ಇದ್ದ ನಮ್ಮ ಪಾಪು ನಿಮ್ಮ ಹಾಡು ಹಾಕಿದ ಕೂಡಲೇ ಮಲಗಿತು. ನಿಮ್ಮ ಹೊಟ್ಟೆ ತಣ್ಣಗಿರಲಿ."

ಮೇಡಂ ಹೊಟ್ಟೆ ತಣ್ಣಗಾಗಲಿಲ್ಲ. ಅಲ್ಲೇ ಕೂತು ಉತ್ತರ ಬರೆದರು: "ಇದು ಜೋಗುಳವಲ್ಲ. ಇದು ಬಂಡಾಯದ ಹಾಡು. ದಯವಿಟ್ಟು ಎಚ್ಚರವಾಗಿದ್ದು ಕೇಳಿ." ಸಂಜೆಯೊಳಗೆ ಮರುತ್ತರ ಬಂತು: "ತುಂಬ ಪ್ರಯತ್ನಪಟ್ಟೆವು ಅಕ್ಕಾ. ನಮ್ಮ ಯಜಮಾನರು ಮೊದಲ ಚರಣದಲ್ಲೇ ಹೋದರು, ನಾನು ಎರಡನೆಯದರವರೆಗೆ ತಡೆದೆ."

ಆ ತಾಯಿ ತನ್ನ ತಂಗಿಗೆ ಹೇಳಿದರು, ತಂಗಿ ಓರಗಿತ್ತಿಗೆ ಹೇಳಿದಳು, ಓರಗಿತ್ತಿ ಊರಿಗೇ ಹೇಳಿದಳು. ಹಾಡಿನ ಕೆಳಗೆ ಕೃತಜ್ಞತೆಯ ಹೊಳೆ ಹರಿಯಿತು. ಅವಳಿಗಳು ಒಟ್ಟಿಗೇ ಮಲಗಿದವಂತೆ. ಹಲ್ಲು ಬರುತ್ತಿದ್ದ ಮಗು ಮಲಗಿತಂತೆ. ಮಗುವಿನ ತಾತ, ಅವರಿಗೆ ಹಲ್ಲು ಹೋಗುತ್ತಿದ್ದವು, ಅವರೂ ಮಲಗಿದರಂತೆ. ಮೇಡಂ ಹಲ್ಲು ಕಡಿದರು. ಇಷ್ಟು ಜನ ಹಾಡು ಹಾಕುತ್ತಾರೆ, ಮೂರನೆಯ ಚರಣವನ್ನು ಕೇಳಿದವರು ಒಬ್ಬರೂ ಇಲ್ಲ. ಊರಿನ ತೊಟ್ಟಿಲುಗಳಲ್ಲೆಲ್ಲ ಅದು ತನ್ನ ಪಾಡಿಗೆ ಹಾಡಿಕೊಂಡು, ಕೇಳುವವರಿಲ್ಲದೆ ಮುಗಿಯುತ್ತಿತ್ತು.

"ಇನ್ನೂ ಜೋರಾಗಿ ಹಾಡ್ತೀನಿ, ಅದ್ಹೇಗೆ ಮಲಗ್ತಾರೋ ನೋಡೇಬಿಡ್ತೀನಿ" ಎಂದು ಮೇಡಂ ಎರಡನೆಯ ಹಾಡಿಗೆ ಕೈಹಾಕಿದರು. ಇದರಲ್ಲಿ ಮಾತೆಲ್ಲ ಸಿಡಿಲು, ಗುಡುಗು, ಬೆಂಕಿ. ಗುಡುಗಿಗೆ ಹಿನ್ನೆಲೆಯಾಗಿ ಇಂಜಿನ್ ಚಾಲೂ ಮಾಡಿದರು. ಬಿರುಗಾಳಿಗೆಂದು ವೈಪರ್ ಹಾಕಿದರು. ಸಿಡಿಲಿಗೆಂದು ಹಾರ್ನ್ ಒತ್ತಬೇಕೆಂದಿದ್ದರು, ಒಂದು ಸಲ ಒತ್ತಿದ ಕೂಡಲೇ ಮೇಲಿನ ಮನೆಯವರು ಕಿಟಕಿಯಿಂದ ಇಣುಕಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದ್ದರಿಂದ ಕೈಬಿಟ್ಟರು. ಮನೆಯೊಳಗೆ ಬಂದು ಅತ್ತೆಗೆ ಕೇಳಿಸಿದರು. ಇಂಜಿನ್ನಿನ ಗುಂಯ್‌ ಗುಂಯ್, ವೈಪರಿನ ಸರ್‌ ಸರ್, ಅದರ ಮೇಲೆ ಬೆಣ್ಣೆಯ ಧ್ವನಿ. ಅತ್ತೆ, "ಇದರಲ್ಲಿ ಬೆಂಕಿ ಎಲ್ಲಿದೆ ಅಂದೆ?" ಎಂದು ಕೇಳುತ್ತ ಕೇಳುತ್ತಲೇ ಕುರ್ಚಿಯಲ್ಲಿ ಒರಗಿದರು. ಅವತ್ತಿನ ಧಾರಾವಾಹಿ ಅವರಿಲ್ಲದೆಯೇ ಮುಗಿಯಿತು. ಇಂಟರ್ನೆಟ್ಟಿನ ತಾಯಂದಿರು ಈ ಹಾಡು ಮೊದಲಿನದಕ್ಕಿಂತ ಬೇಗ ಕೆಲಸ ಮಾಡುತ್ತದೆ ಎಂದು ಬರೆದರು.

ಹೀಗಿರುವಾಗ ಪಕ್ಕದ ಬಡಾವಣೆಯ ಶಿಶುವಿಹಾರದ ಮುಖ್ಯಸ್ಥೆ ಫೋನು ಮಾಡಿದರು. ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮಂದಿರ ಸಭೆಯಿದೆ, ಎಲ್ಲರೂ ನಿಮ್ಮ ಅಭಿಮಾನಿಗಳು, ತಾವು ಬಂದು ಹಾಡಬೇಕು ಎಂದು ಬಹಳ ವಿನಯದಿಂದ ಕೇಳಿಕೊಂಡರು. ಆಗೋದಿಲ್ಲ ಎನ್ನಲು ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ, ಎದುರಿಗೇ ನಿಂತು ಹಾಡಿದರೆ ಮಲಗುವುದು ಹೇಗೆ ಸಾಧ್ಯ ಎಂಬ ಯೋಚನೆ ಬಂದು, ಒಪ್ಪಿಕೊಂಡರು. ಯಜಮಾನರೂ ಬರಬೇಕೆಂದು ಕಟ್ಟಪ್ಪಣೆಯಾಯಿತು. ಮೂರನೆಯ ಚರಣ ಇದ್ದದ್ದೇ ಅವರಿಗಾಗಿ. ಮನೆಯಲ್ಲಿ ಪೇಪರು ಅಡ್ಡ ಬರುತ್ತದೆ, ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರೆ ಎಲ್ಲಿಗೆ ಹೋಗುತ್ತಾರೆ? ಆ ವಾರವೆಲ್ಲ ಮೇಡಂ ನಿದ್ದೆಗೆಟ್ಟು ಅಭ್ಯಾಸ ಮಾಡಿದರು.

ಶಿಶುವಿಹಾರದ ಹಾಲಿನಲ್ಲಿ ಗೋಡೆಯ ತುಂಬ ಆನೆ, ಮೊಲದ ಚಿತ್ರಗಳು. ಕುರ್ಚಿಗಳ ತುಂಬ ನಿದ್ದೆಯಿಲ್ಲದೆ ಕಣ್ಣು ಕೆಂಪಾದ ಅಪ್ಪ ಅಮ್ಮಂದಿರು, ಅವರ ತೊಡೆಗಳ ಮೇಲೆ ಅದಕ್ಕೆ ಕಾರಣರಾದವರು. ಯಜಮಾನರು ಮುಂದಿನ ಸಾಲಿನಲ್ಲಿ ಕೂತರು. ಮೇಡಂ ಫೋನಿನಲ್ಲಿ ರೆಕಾರ್ಡಿಂಗ್ ಗುಂಡಿ ಒತ್ತಿ ಮೇಜಿನ ಮೇಲಿಟ್ಟು, ಸ್ಪೀಕರಿನಲ್ಲಿ ಟಿಕ್ಕು ಟಕ್ಕು ಶುರುಮಾಡಿ, ಎದೆಯೆತ್ತಿ ನಿಂತು ಹಾಡತೊಡಗಿದರು.

ಪಲ್ಲವಿಯಲ್ಲಿ ಮಕ್ಕಳು ಹೋದವು. ಮೊದಲ ಚರಣಕ್ಕೆ ಹಿಂದಿನ ಸಾಲು ಹೋಯಿತು. ಎರಡನೆಯ ಚರಣ ಮುಗಿಯುವ ಹೊತ್ತಿಗೆ ಹಾಲಿನಲ್ಲಿ ಎಚ್ಚರವಿದ್ದದ್ದು ಗೋಡೆಯ ಮೇಲಿನ ಆನೆ ಮಾತ್ರ. ಮುಖ್ಯಸ್ಥೆ ಹೂಗುಚ್ಛವನ್ನು ಅಪ್ಪಿಕೊಂಡು ತೂಕಡಿಸುತ್ತಿದ್ದರು. ಮೇಡಂ ಟಿಕ್ಕು ಟಕ್ಕನ್ನು ಆರಿಸಿ, ಹಾಡು ನಿಲ್ಲಿಸಿದರು.

ನಿಲ್ಲಿಸಿದ್ದೇ ತಡ, ಮಕ್ಕಳೆಲ್ಲ ಎದ್ದು ಒಕ್ಕೊರಲಿನಿಂದ ಅಳತೊಡಗಿದವು. ಅಪ್ಪ ಅಮ್ಮಂದಿರು ಬೆಚ್ಚಿ ಎದ್ದು, ದಯವಿಟ್ಟು ಹಾಡಿ, ನಿಲ್ಲಿಸಬೇಡಿ ಎಂದು ಕೈಮುಗಿಯುತ್ತ ಸನ್ನೆ ಮಾಡಿದರು. ಮೇಡಂ ಮೈಕಿನ ಹತ್ತಿರ ಬಂದರು.

"ಹಾಡ್ತೀನಿ. ಪಾಪುಗಳು ಮಲಗ್ಲಿ, ಬೇಡ ಅನ್ನಲ್ಲ. ಆದ್ರೆ ದೊಡ್ಡವರು ಯಾರೂ ಮಲಗೋ ಹಾಗಿಲ್ಲ. ಎಲ್ಲರೂ ಎದ್ದು ನಿಂತ್ಕೊಳ್ಳಿ. ನಿಂತ್ಕೊಂಡು ಮೂರನೇ ಚರಣ ಕೇಳಿ. ಕೇಳೋವರೆಗೂ ನಾನು ಬಿಡಲ್ಲ."

ಕಲಿಯುವವರಿಗೆ ಆಜ್ಞೆ ಮಾಡಿ ಅಭ್ಯಾಸವಿದ್ದ ಧ್ವನಿ. ಇಡೀ ಹಾಲು ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಂತಿತು. ಮೇಡಂ ಹಾಡಿದರು:

ಊರ ದೂರನೆಲ್ಲ ಕೇಳುವ ಕಿವಿಗೆ
ಮನೆಯ ಮಾತೇಕೆ ದೂರ?
ಹೇಳುವೆನೊಮ್ಮೆ ಎದುರಲಿ ನಿಂತು,
ಕೇಳದೆ ಹೋದರೆ ನಿನದೇ ಭಾರ.

ಈ ಸಲ ಹಾಲಿನಲ್ಲಿ ಬೇರೆಯೇ ಸಂಗತಿ ನಡೆಯಿತು. ಒಬ್ಬ ತಾಯಿ ಪಕ್ಕದಲ್ಲಿ ನಿಂತ ಗಂಡನನ್ನು ಮೊಣಕೈಯಿಂದ ತಿವಿದಳು. ಇನ್ನೊಬ್ಬಳು ತಿವಿಯದೆ ಬರೀ ನೋಡಿದಳು, ಅದು ತಿವಿದದ್ದಕ್ಕಿಂತ ಹೆಚ್ಚಾಗಿರಬೇಕು, ಅವಳ ಗಂಡ ತನ್ನ ಬೂಟನ್ನು ಪರೀಕ್ಷಿಸತೊಡಗಿದ. ಹಿಂದಿನಿಂದ ಒಬ್ಬರು, "ಮೇಡಂ, ಆ ದೂರಿನ ಸಾಲು ಇನ್ನೊಂದ್ಸಲ" ಎಂದು ಕೇಳಿದರು. ಮೇಡಂ ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಕೇಳುತ್ತಿದ್ದಾರೆ. ಎಚ್ಚರವಾಗಿದ್ದು, ಕಾಲ ಮೇಲೆ ನಿಂತು, ತಾನು ಒಲೆಯ ಮುಂದೆ ಕಟ್ಟಿದ ಸಾಲನ್ನು ಗುರುತಿಲ್ಲದ ಜನ ಇನ್ನೊಂದು ಸಲ ಬೇಕೆಂದು ಕೇಳುತ್ತಿದ್ದಾರೆ. ಆ ಸಾಲನ್ನು ಮತ್ತೆ ಹಾಡುತ್ತ, ಈಗ ಹೇಗಿರಬಹುದು ಆ ಮುಖ ಎಂದು ಮುಂದಿನ ಸಾಲಿನತ್ತ ತಿರುಗಿದರು.

ಆ ಕುರ್ಚಿಯ ಮುಂದೆ ಯಾರೂ ನಿಂತಿರಲಿಲ್ಲ. ಬಾಗಿಲಾಚೆ ಕಾರಿಡಾರಿನಲ್ಲಿ ಯಜಮಾನರು ಫೋನು ಕಿವಿಗೊತ್ತಿಕೊಂಡು ನಿಂತಿದ್ದರು. ಎಲ್ಲೋ ದೊಡ್ಡ ಪೈಪು ಒಡೆದಿತ್ತು. "ಹೇಳಿ, ಹೇಳಿ, ಅವಸರ ಇಲ್ಲ, ಪೂರ್ತಿ ಹೇಳಿ. ಕೇಳ್ತಾ ಇದೀನಿ" ಎನ್ನುತ್ತಿದ್ದರು. ಮೇಡಂ ಈ ವಾಕ್ಯವನ್ನು ಅವರ ಬಾಯಿಂದ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

ಚಪ್ಪಾಳೆ, ಹೂಗುಚ್ಛ, ಫೋಟೋ ಎಲ್ಲ ಮುಗಿಸಿ ಹೊರಗೆ ಬಂದ ಮೇಡಂ ಕಾರಿನ ಕೀಲಿಯನ್ನು ಯಜಮಾನರ ಕೈಗೆ ಹಾಕಿದರು. "ನೀವು ಓಡಿಸಿ. ಆ ಫೋನನ್ನ ಆಫ್ ಮಾಡಿ ಹಿಂದಿನ ಸೀಟಿಗೆ ಹಾಕಿ. ಈಗ ಒಂದು ಹಾಡು ಹಾಕ್ತೀನಿ. ನನ್ನ ಜೊತೆ ಮಾತಾಡ್ಬೇಡಿ, ಮಧ್ಯೆ ಏನೂ ಕೇಳ್ಬೇಡಿ, ಸುಮ್ನೆ ಕೇಳಿಸ್ಕೊಳ್ಳಿ. ಸ್ಟೀರಿಂಗು ಕೈಯಲ್ಲಿದ್ರೆ ನಿಮಗೆ ಪೇಪರ್ ಹಿಡಿಯೋಕೆ ಆಗಲ್ಲ."

ಯಜಮಾನರು ಹೇಳಿದ ಹಾಗೆ ಮಾಡಿದರು. ಮೇಡಂ ತಮ್ಮ ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿ, ಸಭೆಯಲ್ಲಿ ಆದ ರೆಕಾರ್ಡಿಂಗನ್ನು ಮೊದಲಿನಿಂದ ಹಾಕಿ, ಕೈಕಟ್ಟಿ, ಗಂಡನ ಕಡೆಗೇ ತಿರುಗಿ ಕೂತರು. ಮೂರನೆಯ ಚರಣ ಬಂದಾಗ ಆ ಮುಖದಲ್ಲಿ ಏನಾಗುತ್ತದೆ ಎಂಬುದನ್ನು ರೆಪ್ಪೆ ಬಡಿಯದೆ ನೋಡಬೇಕಿತ್ತು. ಪಲ್ಲವಿ ಬಂತು. ಕಾರು ಮುಖ್ಯರಸ್ತೆಗೆ ಇಳಿಯಿತು. ಬೆಳಗಿನ ಬಿಸಿಲು ಗಾಜಿನಿಂದ ತೊಡೆಯ ಮೇಲೆ ಬಿದ್ದಿತ್ತು. ಮೊದಲನೆಯ ಚರಣ ಚೆನ್ನಾಗಿಯೇ ಬಂದಿದೆ ಎಂದು ಮೇಡಂಗೆ ಅನಿಸಿತು. ಎರಡನೆಯದರ ಆರಂಭವೂ ಪರವಾಗಿಲ್ಲ ಎನಿಸಿತು.

ಕಣ್ಣು ಬಿಟ್ಟಾಗ ಕಾರು ಮನೆಯ ಕೆಳಗೆ ನಿಂತಿತ್ತು. ಇಂಜಿನ್ ಆರಿತ್ತು, ಗಾಜು ಗಾಳಿಗಾಗಿ ಸ್ವಲ್ಪ ಇಳಿದಿತ್ತು. ಸ್ಪೀಕರಿನಲ್ಲಿ ಮೂರನೆಯ ಚರಣದ ಕೊನೆಯ ಸಾಲು ಮುಗಿದು ಚಪ್ಪಾಳೆ ಬೀಳುತ್ತಿತ್ತು. ಯಜಮಾನರು ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ಎದುರಿನ ಗೋಡೆ ನೋಡುತ್ತ ಕೂತಿದ್ದರು.

"ಮುಗೀತಾ?" ಎಂದು ಮೇಡಂ ಬಾಯಿಯ ಅಂಚನ್ನು ಒರೆಸಿಕೊಳ್ಳುತ್ತ ಕೇಳಿದರು.

"ಮುಗೀತು. ಮತ್ತೆ ಮತ್ತೆ ಹಾಕ್ಕೊಂಡು ಕೇಳ್ದೆ." ಯಜಮಾನರು ಅವರತ್ತ ತಿರುಗಿದರು. "ಊರ ದೂರನೆಲ್ಲ ಕೇಳೋ ಕಿವಿ ಅಂದ್ರೆ ನಂದೇ ಅಲ್ವಾ?"

"ಮತ್ತಿನ್ಯಾರದು?"

"ನನಗೆ ಇದು ಗೊತ್ತೇ ಇರ್ಲಿಲ್ಲ ಕಣೇ. ನೀನು ಗೊರಕೆ ಹೊಡೀತಿದ್ದೆ, ಇಲ್ಲದಿದ್ರೆ..."

"ನಾನು ನಿದ್ದೆ ಮಾಡಿರ್ಲಿಲ್ಲ" ಎಂದು ಮೇಡಂ ನೆಟ್ಟಗೆ ಕೂತರು. ಊರಿನವರೆಲ್ಲ ಮಲಗಲಿ, ಬರೆದವಳೇ ಮಲಗಿದಳೆಂದು ಒಪ್ಪಿಕೊಳ್ಳುವುದು ಮಾತ್ರ ಸಾಧ್ಯವಿರಲಿಲ್ಲ. "ಕಣ್ಣು ಮುಚ್ಕೊಂಡು ಕೇಳ್ತಿದ್ದೆ. ಒಂದೊಂದು ಅಕ್ಷರಾನೂ ಕೇಳಿದೀನಿ."

ಯಜಮಾನರ ಮುಖದಲ್ಲಿ ಏನೋ ಹಗುರವಾದಂತೆ ಕಂಡಿತು. "ಹಾಗಾದ್ರೆ ಸರಿ" ಎಂದರು. "ನಾನಂದ್ಕೊಂಡೆ ನಿನಗೆ ಕೇಳಿಸ್ಲಿಲ್ವೇನೋ ಅಂತ. ನೀನು ಕಣ್ಣು ಮುಚ್ಕೊಂಡಿದ್ದಾಗ ಇಷ್ಟು ವರ್ಷದ ಮಾತೆಲ್ಲ ನಾನು ಹೇಳ್ಬಿಟ್ಟೆ ನೋಡು. ಕ್ಷಮೆ ಕೇಳೋದು ನನಗೆ ಅಷ್ಟು ಸುಲಭ ಅಲ್ಲ, ಅದೂ ಆ ಒಂದು ವಿಷಯಕ್ಕೆ. ಇನ್ನೊಂದು ಸಲ ಹೇಳು ಅಂದ್ರೆ ಖಂಡಿತ ಆಗಲ್ಲ."

ಮೇಡಂ ಬಾಯಿ ತೆರೆದರು. ಏನು ಹೇಳಿದಿರಿ ಎಂದು ಕೇಳುವಂತಿರಲಿಲ್ಲ. ಯಾವ ವಿಷಯ ಎಂದು ಕೇಳುವಂತೆಯೂ ಇರಲಿಲ್ಲ. ಕೊನೆಗೆ, "ಹೂಂ, ಕೇಳಿಸ್ತು" ಎಂದು ಹೇಳಿ, ಬಾಗಿಲು ತೆರೆದು, ತಲೆಯೆತ್ತಿಕೊಂಡು ಮೆಟ್ಟಿಲು ಹತ್ತಿದರು. ಹತ್ತುತ್ತ, ಕ್ಷಮೆ ಕೇಳಬೇಕಾದ ಗಂಡನ ಅಪರಾಧಗಳನ್ನು ಒಂದೊಂದಾಗಿ ನೆನೆದರು. ಬಹಳ ಇದ್ದವು. ಯಾವುದೆಂದು ಗೊತ್ತಾಗಲಿಲ್ಲ.

ಇವತ್ತಿಗೂ ಗೊತ್ತಾಗಿಲ್ಲ. ಆದರೆ ಮೇಡಂ ಸೋಲೊಪ್ಪುವವರಲ್ಲ. ಆ ಅಪರಾಧಗಳ ಮೇಲೆ ಒಂದರ ಹಿಂದೊಂದು ಹಾಡು ಕಟ್ಟಿ, ಯಾವುದಕ್ಕೆ ಮುಖ ಬಾಡುತ್ತದೋ ನೋಡೋಣವೆಂದು ಯಜಮಾನರ ಎದುರೇ ಕೂತು ಹಾಡುತ್ತಿದ್ದಾರೆ. ಯಜಮಾನರು ಈಗ ಪೇಪರು ಮಡಿಸಿಟ್ಟು ಪ್ರತಿಯೊಂದನ್ನೂ ಕೊನೆಯ ಚರಣದವರೆಗೆ ಎಚ್ಚರವಾಗಿ ಕೇಳುತ್ತಾರೆ. ಕೇಳಿ, "ತುಂಬ ಚೆನ್ನಾಗಿದೆ" ಎನ್ನುತ್ತಾರೆ. ಅದರ ಮೇಲೆ ಒಂದು ಮಾತೂ ಆಡುವುದಿಲ್ಲ.